ತವರಿನ ಹೆಸರು ಕೇಳುವ ನಳಿನಿ

ಹತ್ತಿ ಬಿಡಿಸುವ ಕಾಲ. ಜಂಬೂಸರ್ ಕಡೆಯ ಹೊಲಗಳಿಗೆ ಕೂಲಿ ಹೆಂಗಸರನ್ನು ತುಂಬಿಕೊಂಡು ಟ್ರ್ಯಾಕ್ಟರ್ ಏಳು ಗಂಟೆಗೆಲ್ಲ ಹೊರಟುಬಿಡುತ್ತದೆ. ಮಾತಾಡಬೇಕಾದವರು ಅದಕ್ಕೆ ಮೊದಲೇ ಸಿಗಬೇಕು. ಅದಕ್ಕೇ ಅಹಮದಾಬಾದಿನ ಈ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಇನ್ನೂ ಕಸ ಗುಡಿಸುತ್ತಿರುವಾಗಲೇ, ಆರೂ ಹತ್ತಕ್ಕೆ, ಸ್ವೆಟರಿನ ಮೇಲೆ ಸೆರಗು ಹೊದ್ದ ನಳಿನಿ ಜಯತೀರ್ಥ ಫೋನಿನ ಮುಂದೆ ಕೂತಿದ್ದಾರೆ.

ಪರದೆಯ ಮೇಲೆ ಎರಡು ಹೆಸರು. ವಡೋದರದ ಪ್ರಯೋಗಾಲಯದಿಂದ ಬಂದದ್ದು ‘ಪಾಟಣವಾಡಿಯಾ ರೇವಾಬೆನ್ ಚಂದುಭಾಯಿ’. ಸೂರತ್ತಿನ ಆಸ್ಪತ್ರೆಯದು ‘ರೇವಾಬೆನ್ ಗಣಪತ್‌ಭಾಯಿ ಪರ್ಮಾರ್’. (ರೋಗಿಯ ಹೆಸರು, ವಿವರ ಬದಲಿಸಿದ್ದೇವೆ.) ಹುಟ್ಟಿದ ವರ್ಷದಲ್ಲೂ ನಾಲ್ಕು ವರ್ಷದ ವ್ಯತ್ಯಾಸ. ಇವರಿಬ್ಬರೋ, ಒಬ್ಬಳೋ? ಬೆಳಿಗ್ಗೆ ಹತ್ತರೊಳಗೆ ಗೊತ್ತಾಗಬೇಕು.

ಮೂರು ಊರುಗಳ ಆಸ್ಪತ್ರೆಗಳಿಂದ ಗಂಟಿನ ಪರೀಕ್ಷೆ, ಸ್ಕ್ಯಾನು, ಔಷಧದ ವಿವರಗಳು ಇಲ್ಲಿಗೆ ಬರುತ್ತವೆ. ಹದಿನಾಲ್ಕು ಸಾವಿರ ಜನರ ಮಾಹಿತಿಯನ್ನು ಒಟ್ಟಿಗೆ ಕಟ್ಟಿ, ಯಾರಲ್ಲಿ ಕಾಯಿಲೆ ಮರುಕಳಿಸಬಹುದೆಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ. ಅಪಾಯವಿದ್ದವರನ್ನು ಆ ತಿಂಗಳೇ ತಪಾಸಣೆಗೆ ಕರೆಯುತ್ತಾರೆ. ಆದರೆ ಒಬ್ಬರ ಕಾಗದಗಳೆಲ್ಲ ಒಂದೇ ಕಡೆ ಸೇರಿದರಷ್ಟೇ ಲೆಕ್ಕ ಸರಿ. ಸೇರಿಸುವವರು ನಳಿನಿ. ದಿನಕ್ಕೆ ನೂರಿಪ್ಪತ್ತು ಜೋಡಿ ಹೆಸರು, ಎಂಟೋ ಹತ್ತೋ ಫೋನು.

ವಡೋದರದ ವರದಿ ಹಟಮಾರಿ ಗಂಟು ಎನ್ನುತ್ತದೆ. ಸೂರತ್ತಿನ ಕಡತದಲ್ಲಿ ಎಲ್ಲವೂ ಕ್ಷೇಮ. ಎರಡನ್ನೂ ಸೇರಿಸದಿದ್ದರೆ ಸೂರತ್ತಿನ ರೇವಾಳನ್ನು ಯಾರೂ ಕರೆಯುವುದಿಲ್ಲ. ತಪ್ಪಾಗಿ ಸೇರಿಸಿದರೆ ಯಾರದೋ ಕಾಯಿಲೆಗೆ ಇನ್ಯಾರೋ ನಿದ್ದೆಗೆಡಬೇಕು.

ಈ ಅಂದಾಜಿನ ಕಂಪ್ಯೂಟರ್ ಮಾದರಿ ಕಟ್ಟುವ ಅಭಿಷೇಕ್ ಚಹಾ ಹಿಡಿದು ಬಂದು ಇಣುಕುತ್ತಾನೆ. ವಡೋದರದ ಮಕರಪುರದಲ್ಲಿ ಬೆಳೆದ ಕನ್ನಡದ ಹುಡುಗ. “ಆಂಟಿ, ಫಾರ್ಟಿ ಒನ್ ಪರ್ಸೆಂಟ್ ಮ್ಯಾಚ್ ಅಷ್ಟೆ. ಮಷಿನ್ ಬೇಡ ಹೇಳ್ತಾ ಇದೆ. ಹತ್ತಕ್ಕೆ ಲಿಸ್ಟ್ ಲಾಕ್.”

“ನಿನ್ನ ಮಷಿನ್ನಿಗೆ ತವರುಮನಿ ಅದ ಏನೋ?” ನಳಿನಿ ತಿರುಗಿಯೂ ನೋಡುವುದಿಲ್ಲ.

ನರಗುಂದದ ಕಪ್ಪು ಮಣ್ಣಿನಿಂದ ಮದುವೆಯಾಗಿ ಅಹಮದಾಬಾದಿನ ಚಾಂದ್‌ಖೇಡಾಕ್ಕೆ ಬಂದವರು ಅವರು. ಪತಿ ತೈಲ ಕಂಪನಿಯಿಂದ ನಿವೃತ್ತರು. ಬಿ.ಕಾಂ. ಓದಿದ್ದ ನಳಿನಿ ಐವತ್ತರಲ್ಲಿ ಈ ಗುತ್ತಿಗೆ ಕೆಲಸಕ್ಕೆ ಸೇರಿ ಎಂಟು ವರ್ಷವಾಯಿತು. ಇಲ್ಲಿಂದ ಹೊರಡುವ ಯಾವ ಪ್ರಬಂಧದಲ್ಲೂ ಅವರ ಹೆಸರಿಲ್ಲ.

ಆರೂ ಇಪ್ಪತ್ತು. ಗಂಡಸಿನ ದನಿ. ರೇವಾಳ ಮೈದುನನಂತೆ, ಫೋನು ಅವನದು. ಅವಳು ಹೊರಟಳು, ಏನು ವಿಷಯ ಅನ್ನುತ್ತಾನೆ. ಕಾಯಿಲೆಯ ಹೆಸರೆತ್ತುವಂತಿಲ್ಲ. “ಕಾರ್ಡಿನಲ್ಲಿ ಹೆಸರು ತಿದ್ದಬೇಕು ಭಾಯಿ, ಎರಡೇ ನಿಮಿಷ,” ಎಂದು ನಳಿನಿ ಗುಜರಾತಿಯಲ್ಲಿ ಬೇಡಿಕೊಳ್ಳುತ್ತಾರೆ. ಅವನು ನೋಡೋಣ ಎಂದು ಇಟ್ಟುಬಿಡುತ್ತಾನೆ. ಆರೂ ಮುಕ್ಕಾಲಿಗೆ ಮತ್ತೆ ಮಾಡಿದರೆ ಯಾರೂ ಎತ್ತುವುದಿಲ್ಲ. ಚಹಾ ಆರುತ್ತದೆ.

ಏಳಕ್ಕೆ ಐದು ನಿಮಿಷವಿರುವಾಗ ಅತ್ತಲಿಂದಲೇ ಫೋನು ಬರುತ್ತದೆ. ಟ್ರ್ಯಾಕ್ಟರಿನ ಸದ್ದು, ಹೆಂಗಸರ ಗದ್ದಲ.

“ರೇವಾಬೆನ್, ತಮಾರುಂ ಪಿಯರ್ ಕ್ಯಾಂ ಛೆ?” ನಿಮ್ಮ ತವರು ಯಾವುದು?

“ಯಾಕೆ ಬೆನ್, ಅಲ್ಲಿಗೆ ಸೀರೆ ಕಳಿಸ್ತೀಯಾ?” ಸುತ್ತಲೂ ನಗು. “ಡಭೋಯಿ ಹತ್ತಿರ. ಪಾಟಣವಾಡಿಯಾ ಮನೆತನ.”

“ತಂದೆ ಹೆಸರು?”

“ಚಂದುಭಾಯಿ.”

ನಳಿನಿಯ ಪೆನ್ನು ನಿಲ್ಲುತ್ತದೆ. ಅದೇ ಹೆಸರಿನ ಇನ್ನೊಬ್ಬಳಿದ್ದರೆ? “ವಡೋದರಕ್ಕೆ ನಿಮ್ಮನ್ನ ಕರಕೊಂಡು ಹೋದವರು ಯಾರು?”

ನಗು ನಿಲ್ಲುತ್ತದೆ. “ತಮ್ಮ. ಮೈ ಸರಿಯಿಲ್ಲ ಅಂತ ಇವರು ನನ್ನ ಪಿಯರ್‌ಗೆ ಕಳಿಸಿದ್ದರು. ಆಷಾಢದ ದಿವಾಸೋ ಹಬ್ಬದ ಮಾರನೇ ದಿನ.”

ವಡೋದರದ ವರದಿಯ ತಾರೀಖಿಗೆ ಅದು ಕೂಡುತ್ತದೆ. ಕೌಂಟರಿನಲ್ಲಿ ತಮ್ಮ ತನಗೆ ಗೊತ್ತಿದ್ದ ತವರಿನ ಹೆಸರನ್ನೇ ಬರೆಸಿದ್ದಾನೆ, ವಯಸ್ಸನ್ನು ಅಂದಾಜಿನಲ್ಲಿ ಹೇಳಿದ್ದಾನೆ. ಸೂರತ್ತಿನಲ್ಲಿರುವುದು ಗಂಡನ ಕಡೆಯ ಹೆಸರು.

“ನಮ್ಮ ಕಡೆನೂ ಹಂಗs ಅಲ್ರೀ,” ಎನ್ನುತ್ತಾರೆ ಫೋನಿಟ್ಟ ನಳಿನಿ, ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ನನ್ನತ್ತ ತಿರುಗಿ. “ಹೆಣ್ಣು ಹಾಸಿಗಿ ಹಿಡದ್ರ ತವರಿಗೆ ಕಳಸೂದು. ಆದ್ರ ಮೊದಲ ವರ್ಷ ನನಗೇ ಅದು ಹೊಳೀಲಿಲ್ಲ. ತಂದಿ ಹೆಸರು ಬ್ಯಾರೆ, ಗಂಡನ ಹೆಸರು ಬ್ಯಾರೆ ಅಂತ ಒಬ್ಬಾಕಿನ್ನ ಇಬ್ಬರ ಮಾಡಿ ಕೂತೆ.” ಆ ಹೆಂಗಸಿಗೆ ಕರೆ ಹೋಗಲಿಲ್ಲ. ತಾನಾಗಿ ಬರುವಷ್ಟರಲ್ಲಿ ಕಾಯಿಲೆ ಯಕೃತ್ತಿಗೆ ಹಬ್ಬಿತ್ತು. ಮುಂದಿನ ಮಳೆಗಾಲ ಅವಳು ನೋಡಲಿಲ್ಲ. ತಪ್ಪು ತಿಳಿಸಿ ಅವಳ ಮಗನಿಗೆ ಕೇಂದ್ರದ ಕಾಗದ ಹೋಗಿದೆ. ನಳಿನಿ ಮಾತ್ರ ಅವನೊಡನೆ ಮಾತಾಡಿಲ್ಲ.

ಒಂಬತ್ತೂ ನಲವತ್ತಕ್ಕೆ ಎರಡು ಕಡತ ಒಂದಾಗುತ್ತವೆ. ಅಭಿಷೇಕ್ ಲೆಕ್ಕವನ್ನು ಮತ್ತೆ ಓಡಿಸುತ್ತಾನೆ. ಪಟ್ಟಿಯ ಕೆಳಗೆಲ್ಲೋ ಇದ್ದ ರೇವಾ ಮೇಲಿನಿಂದ ಹನ್ನೊಂದನೆಯವಳಾಗಿ ನಿಲ್ಲುತ್ತಾಳೆ. ಬುಧವಾರ ಸ್ಕ್ಯಾನು.

“ಸಾರಿ ಆಂಟಿ,” ಎನ್ನುತ್ತಾನೆ ಅವನು.

“ಸಾರಿ ಇರಲಿ. ಫಾರಮ್ಮಿನಾಗ ಇನ್ನೊಂದು ಖಾನೆ ಹಾಕಸು. ಪಿಯರ್ ಅಂತ. ನಾ ಇಲ್ಲದಾಗ್ಲೂ ಯಾರರೆ ಕೇಳಬೇಕಲ್ಲ.” ಎರಡು ವರ್ಷದಿಂದ ಅವರ ಬೇಡಿಕೆ ಅದೊಂದೇ.

ಮಾತಾಡುತ್ತಲೇ ರೇವಾಳ ತವರನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ. ಮೊದಲ ಪುಟದಲ್ಲಿ ಮೊದಲ ವರ್ಷದ ಆ ಹೆಂಗಸಿನ ಹೆಸರೊಂದೇ ಇದೆ, ಅದರ ಕೆಳಗೆ ಅವಳ ಮಗನ ಫೋನ್ ನಂಬರು. ನಾನು ನೋಡಿದ್ದನ್ನು ಕಂಡು ಪುಸ್ತಕ ಮುಚ್ಚುತ್ತಾರೆ.

“ಮಾಡತೇನ್ರಿ ಫೋನು. ಹತ್ತಿ ಮುಗೀಲಿ,” ಎನ್ನುತ್ತಾರೆ. ಆಮೇಲೆ, ಪರದೆಯ ಮೇಲೆ ಮುಂದಿನ ಜೋಡಿ ಹೆಸರು ತೆರೆಯುತ್ತ: “ಹ್ವಾದ ವರ್ಷಾನೂ ಹಿಂಗs ಅಂದಿದ್ದೆ.”