ದೊಡ್ಡಮ್ಮನ ಬಾಯಿಗೆ ಒಗ್ಗಿದ ಲೋಹ

ಬಾತುಕೊಂಡ ನಾಲಿಗೆ ತುಟಿ ದಾಟಿ ಹೊರಗೆ ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ. ಎರಡು ಸಾವಿರದ ಐದರ ಆಚೀಚೆ. ಮನ್ಮನೆಯಿಂದ ಸಿದ್ದಾಪುರಕ್ಕೆ ಜೀಪು ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ಅವಳು ಉಸಿರೆಳೆದಾಗಲೆಲ್ಲ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂಥ ಸದ್ದು. ನಾನು ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮಾಡಿದವನು, ಆ ಹೊತ್ತಿನಲ್ಲಿ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಡಾಕ್ಟರು ಎರಡು ಇಂಜೆಕ್ಷನ್ ಕೊಟ್ಟ ಮೇಲೆ ಬಾವು ಇಳಿಯಿತು. ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತಿದ್ದರೂ ಏನಾಗುತ್ತಿತ್ತು ಎಂದು ಆ ರಸ್ತೆಯಲ್ಲಿ ಹೋದಾಗಲೆಲ್ಲ ಯೋಚಿಸುತ್ತೇನೆ.

ಮನೆಯವರೆಲ್ಲ ನಂಜು ಎಂದರು. ನಮ್ಮ ಕಡೆ ಬಾವು, ತುರಿಕೆ, ಕಜ್ಜಿ ಎಲ್ಲಕ್ಕೂ ಅದೊಂದೇ ಹೆಸರು, ಒಂದೇ ಪಥ್ಯ. ದೊಡ್ಡಮ್ಮ ಬದನೆಕಾಯಿ ಬಿಟ್ಟಳು, ನುಗ್ಗೆಕಾಯಿ ಬಿಟ್ಟಳು. ಬಿಡದೆ ಬಾಯಲ್ಲೇ ಇಟ್ಟುಕೊಂಡದ್ದು ಆಗಷ್ಟೇ ಸಿದ್ದಾಪುರದಲ್ಲಿ ಕಟ್ಟಿಸಿಕೊಂಡಿದ್ದ ಮುಂದಿನ ಹಲ್ಲನ್ನು, ಅದರ ಲೋಹದ ತಗಡಿನ ಸಮೇತ. ಹದಿನೈದು ದಿನಕ್ಕೆ ತುಟಿ ಮತ್ತೆ ಊದಿತು. ಈ ಸಲ ಶಿರಸಿಗೆ, ಅಕ್ಕನ ದವಾಖಾನೆಗೆ ಕರೆತಂದೆ. ನನ್ನ ಅಕ್ಕ ಹಲ್ಲಿನ ಡಾಕ್ಟರು.

ಏನು ತಿಂದೆ ಎಂದು ಅಕ್ಕ ಕೇಳಲೇ ಇಲ್ಲ. ಕಿವಿಯ ತೂತಿನಲ್ಲಿದ್ದ ಪೊರಕೆಕಡ್ಡಿ ಅವಳ ಕಣ್ಣಿಗೆ ಬಿತ್ತು. "ದೊಡ್ಡಮ್ಮ, ಕಿವಿಗೆ ಎಂತಕ್ಕೆ ಹಿಡಿಕಡ್ಡಿ ಚುಚ್ಚಿದ್ದು?"

"ಬೆಂಡೋಲೆ ತಿರುಪು ಕಳದೋತು ಮಾರಾಯ್ತಿ. ಗಿಲೀಟಿಂದು ಹಾಕಿರೆ ಕಿವಿ ಸೋರ್ತು. ಅದೂ ನಂಜೇಯ."

"ನಂಜಲ್ಲ, ನಿಕ್ಕಲ್ಲು."

"ಅದ್ಯಾರೇ ಕೂಸೆ?"

ಗಿಲೀಟಿನ ಓಲೆಯಲ್ಲೂ ಹಲ್ಲಿನ ತಗಡಿನಲ್ಲೂ ಬೆರೆಸುವ ಲೋಹ ಅದು. ಅಕ್ಕ ಆ ತಗಡನ್ನು ಕಳಚಿ, ದೊಡ್ಡಮ್ಮನನ್ನು ಹುಬ್ಬಳ್ಳಿಯ ಚರ್ಮದ ಡಾಕ್ಟರಲ್ಲಿಗೆ ಕಳಿಸಿದಳು. ಪರೀಕ್ಷೆಗೆಂದು ಬೆನ್ನಿಗೆ ನಿಕ್ಕಲ್ ಪಟ್ಟಿ ಅಂಟಿಸಿದರು. ಎರಡು ದಿನಕ್ಕೆ ಅಲ್ಲಿ ಕೆಂಪು ಗುಳ್ಳೆಗಳೆದ್ದವು.

ಬದಲಿಗೆ ಕೊಟ್ಟ ಪ್ಲಾಸ್ಟಿಕ್ ಹಲ್ಲು ಮಾತಿನ ನಡುವೆ ಕಳಚಿ ಬೀಳುತ್ತಿತ್ತು. ದವಡೆಗೆ ಟೈಟೇನಿಯಂ ಸ್ಕ್ರೂ ಕೂರಿಸೋಣ ಎಂದಳು ಅಕ್ಕ. ದೊಡ್ಡಪ್ಪ ಸಿಡಿದರು: "ಬಾಯಲ್ಲಿಟ್ಟ ಲೋಹಕ್ಕೇ ಹಿಂಗಾತು. ಎಲುಬಿಗೇ ಮೊಳೆ ಹೊಡದ್ರೆ ಕಿತ್ತು ತೆಗೆಯದು ಯಾರು?" ಮನಸ್ಸಿನಲ್ಲಿ ನಾನೂ ಅವರ ಪಕ್ಷವೇ.

"ಅದು ಎಲುಬಿಗೆ ಒಗ್ತು ದೊಡ್ಡಪ್ಪ," ಎಂದಳು ಅಕ್ಕ. ಗಾಳಿ ತಾಗಿದ ಕೂಡಲೇ ಟೈಟೇನಿಯಂ ತನ್ನ ಮೇಲೊಂದು ತೆಳು ಪೊರೆ ಎಳೆದುಕೊಳ್ಳುತ್ತದೆ, ಎಂಜಲಿಗೆ ಅದು ಕರಗುವುದಿಲ್ಲ, ಎಲುಬು ಅದನ್ನು ಅಪ್ಪಿಕೊಂಡು ಬೆಳೆಯುತ್ತದೆ ಎಂದು ವಿವರಿಸಿದಳು. ಅಲ್ಯೂಮಿನಿಯಂ, ವೆನೇಡಿಯಂ ಬೆರೆಸಿದ್ದು ಹೆಚ್ಚು ಗಟ್ಟಿಯಂತೆ. ಆದರೂ ಬೆರಕೆಯಿಲ್ಲದ್ದನ್ನೇ ತರಿಸಿದಳು. ಅದರಲ್ಲಿ ಏನೇನಿದೆಯೆಂದು ಬರೆಸಿಕೊಂಡ ಕಾಗದವನ್ನು ನಾನು ಮೂರು ಸಲ ಓದಿದೆ.

ಸ್ಕ್ರೂ ಕೂರಿಸಿ ನಾಲ್ಕು ತಿಂಗಳಾಯಿತು. ಬಾವಿಲ್ಲ, ನೋವಿಲ್ಲ. ಅದರ ಮೇಲೆ ಕೂರಿಸುವ ಹಲ್ಲು ಲ್ಯಾಬಿನಿಂದ ಬಂತು, ಮುತ್ತಿನಂತೆ. ಅಕ್ಕ ಲ್ಯಾಬಿಗೆ ಫೋನು ಮಾಡಿ, ಮೇಲಿನ ಪಿಂಗಾಣಿಯ ಒಳಗೆ ಇರುವುದು ಯಾವ ಲೋಹ ಎಂದು ಕೇಳಿದಳು.

"ಮಾಮೂಲಿದೇರಿ ಮೇಡಂ."

ಮಾಮೂಲಿ ಎಂದರೆ ನಿಕ್ಕಲ್ ಬೆರೆತದ್ದು. ಅಕ್ಕ ಅದನ್ನು ಡಬ್ಬಿಗೆ ಹಾಕಿ ವಾಪಸು ಕಳಿಸಿದಳು. ನಾನು ಮೂರು ಸಲ ಓದಿದ್ದ ಕಾಗದದಲ್ಲಿ ಸ್ಕ್ರೂ ಮಾತ್ರ ಇತ್ತು, ಈ ಹಲ್ಲು ಇರಲಿಲ್ಲ.

ಲೋಹವೇ ಇಲ್ಲದ ಹಲ್ಲು ಬರಲು ಮತ್ತೊಂದು ತಿಂಗಳು ಹಿಡಿಯಿತು. ಅದನ್ನು ಕೂರಿಸಿ, ದೊಡ್ಡಮ್ಮನನ್ನು ಮೂರು ದಿನ ಶಿರಸಿಯ ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ಅವಳು ಉಣ್ಣುವಾಗಲೆಲ್ಲ ನಾನು ಎದುರಿಗೇ.

"ಎಂತಕ್ಕೆ ತಮಾ, ಆಟ ನೋಡ್ದಂಗೆ ಬಾಯಿ ನೋಡದು?"

ಮೂರನೆಯ ದಿನ ಅಕ್ಕ ತುಟಿ, ನಾಲಿಗೆ, ಗಂಟಲು ನೋಡಿ, ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದಳು. "ಗಟ್ಟಿ ಇದ್ದು. ಊರಿಗೆ ಹೋಗಲಕ್ಕು."

ದೊಡ್ಡಮ್ಮನನ್ನು ಬಸ್ಸು ಹತ್ತಿಸಿ ಬಂದೆ. ಅಕ್ಕ ಇನ್ನೂ ಕೈಗವಸು ಕಳಚಿರಲಿಲ್ಲ. ಕಳಚಲು ಹೋದರೆ ಬೆರಳುಗಳು ನಡುಗಿ ಜಾರುತ್ತಿದ್ದವು. ಹೆದರಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಅಷ್ಟು ಹೆದರಿಕೆ ಹೊಟ್ಟೆಯಲ್ಲಿಟ್ಟುಕೊಂಡೇ ಅಂದು ಲ್ಯಾಬಿಗೆ ಫೋನು ಮಾಡಿ ಕೇಳಿದವಳು ನನ್ನ ಅಕ್ಕ. ಕೈಗವಸನ್ನು ನಾನೇ ಎಳೆದು ತೆಗೆದೆ.