ಬೀಗದ ಮಾಸ್ಟ್ರು, ಮುಟ್ಟುವ ಕೈ

ಮಾಧವ ಮಾಸ್ಟ್ರು ವಿಜ್ಞಾನದ ಕಪಾಟು ತೆರೆಯುವುದನ್ನು ನೋಡಲಿಕ್ಕೆಂದೇ ನಾವು ತರಗತಿಗೆ ಬೇಗ ಬರುತ್ತಿದ್ದೆವು. ಕೀಲಿಕೈಯನ್ನು ಅವರು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಕಟ್ಟಿದ ದಾರವೋ ಗೇಣುದ್ದ. ಬೀಗಕ್ಕೆ ಕೀಲಿ ತಾಗಬೇಕಾದರೆ ಹೊಟ್ಟೆಯನ್ನು ಕಪಾಟಿಗೆ ಒತ್ತಿ, ತುದಿಗಾಲಲ್ಲಿ ನಿಂತು, ಸೊಂಟದಿಂದ ಜಾರುವ ಮುಂಡುಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಹಿಂದಿನಿಂದ ನೋಡಿದರೆ ಕಪಾಟನ್ನು ಅಪ್ಪಿಕೊಂಡು ಸಮಾಧಾನ ಹೇಳುತ್ತಿರುವ ಹಾಗೆ ಕಾಣುತ್ತಿತ್ತು. ದಾರ ಸ್ವಲ್ಪ ಉದ್ದ ಮಾಡಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಉದ್ದ ಮಾಡಿದ್ರೆ ನಿಮ್ಮ ಕೈಗೆ ಸಿಗ್ತದೆ" ಎಂದಿದ್ದರು.

ಕಾರಡ್ಕದ ಕಡೆಯ ನಮ್ಮ ಶಾಲೆಯಲ್ಲಿ ಅವರಿಗೆ ಬೀಗದ ಮಾಸ್ಟ್ರು ಎಂದೇ ಹೆಸರು. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು. ಬೋರ್ಡಿನಲ್ಲಿ ಭೂತಗನ್ನಡಿಯನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ಬಿಡಿಸುತ್ತಿದ್ದರು. ಆದರೆ ನಿಜವಾದ ಭೂತಗನ್ನಡಿ ಕಪಾಟಿನಿಂದ ಮೇಜಿಗೆ, ಮೇಜಿನಿಂದ ಕಪಾಟಿಗೆ ಅಷ್ಟೇ. "ಕಣ್ಣಲ್ಲಿ ನೋಡಿ, ಕೈ ಹಿಂದೆ ಕಟ್ಟಿ" ಎಂಬುದು ಅವರ ದಿನದ ಮಂತ್ರ.

ಎಂಟನೇ ಕ್ಲಾಸಿನಲ್ಲಿ ಒಂದು ದಿನ ಅವರು ಹೆಡ್‌ಮಾಸ್ಟ್ರು ಕರೆದರೆಂದು ಹೊರಗೆ ಹೋದರು. ಮೇಜಿನ ಮೇಲೆ ಪ್ರಿಸಂ ಇತ್ತು. ಮೂರು ಮೂಲೆಯ ಗಾಜಿನ ತುಂಡು. ಕಿಟಕಿಯಲ್ಲಿ ಬಿಸಿಲು. ನಾನು ಎದ್ದು ಹೋಗಿ ಅದನ್ನೆತ್ತಿ ಸ್ವಲ್ಪ ತಿರುಗಿಸಿದೆ, ಇನ್ನೂ ಸ್ವಲ್ಪ ತಿರುಗಿಸಿದೆ. ಸುಣ್ಣದ ಗೋಡೆಯ ಮೇಲೆ ಕಾಮನಬಿಲ್ಲು ಬಿತ್ತು. ಇಡೀ ಕ್ಲಾಸು ಹೋ ಎಂದಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಾಸ್ಟ್ರು.

ಗಾಜು ಒಡೆದಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ಆದರೂ ಗಂಟೆ ಹೊಡೆಯುವ ತನಕ ನನ್ನನ್ನು ಬಲಗೈ ಎತ್ತಿ ನಿಲ್ಲಿಸಿದರು. ಅಲ್ಲಿಗೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಹತ್ತನೇ ಕ್ಲಾಸು ಮುಗಿಯುವವರೆಗೂ ಪ್ರತಿ ಪಾಠದ ಮೊದಲು, "ಆ ಮುಟ್ಟುವ ಕೈ ಎಲ್ಲುಂಟು?" ಎಂದು ಕೇಳುವರು. ನಾನು ಎದ್ದು ಕೈ ಎತ್ತಬೇಕು, ಎಲ್ಲರೂ ನಗಬೇಕು. ಸೈನ್ಸ್ ನನಗೆ ಜೀವವಾಗಿತ್ತು. ಆದರೂ ಪ್ಲಸ್ ಟುವಿನ ಅರ್ಜಿಯಲ್ಲಿ ಕಾಮರ್ಸ್ ಎಂದು ಬರೆದೆ. ಇನ್ನೊಂದು ಕಪಾಟಿನ ಎದುರು ಕೈ ಎತ್ತಿ ನಿಲ್ಲುವ ಧೈರ್ಯ ನನಗಿರಲಿಲ್ಲ.

ನನ್ನ ಗ್ರಹಚಾರವೋ ಅವರದೋ, ನಾನು ಮದುವೆಯಾದ ಹುಡುಗನಿಗೆ ಅವರು ಸೋದರಮಾವ. ಮಂಟಪದಲ್ಲಿ ಅಕ್ಷತೆ ಹಾಕಲು ಬಂದವರು ನನ್ನ ಮುಖ ನೋಡಿ, "ಓ, ಮುಟ್ಟುವ ಕೈ!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಬೀಗರೆಲ್ಲ ನಕ್ಕರು. ನಾನೂ ಹಲ್ಲು ಕಡಿದುಕೊಂಡೇ ನಕ್ಕೆ. ಅವತ್ತೇ ನಿಶ್ಚಯ ಮಾಡಿದೆ, ಇದನ್ನು ತೀರಿಸದೆ ಬಿಡುವವಳಲ್ಲ ಎಂದು.

ಕಾಯಬೇಕಾಯಿತು. ಹೋದ ವರ್ಷ ನಮ್ಮ ಕಡೆಯದೇ ಅನಂತಪುರದ ಹತ್ತಿರ ಹಳೆಯ ಗೋದಾಮೊಂದನ್ನು ಮಕ್ಕಳ ಮ್ಯೂಸಿಯಂ ಮಾಡಿದರು. ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಎಳೆದು ನೋಡುವ ಜಾಗ. ಪೇಪರಿನಲ್ಲಿ ಓದಿದ ಕೂಡಲೇ ಗಂಡನಿಗೆ ಹೇಳಿದೆ: "ಆದಿತ್ಯವಾರ ಹೋಗುವ. ನಿಮ್ಮ ಮಾವನನ್ನೂ ಕರ್ಕೊಂಡು ಹೋಗುವ, ಪಾಪ." ಆ 'ಪಾಪ'ದಲ್ಲಿ ಎಷ್ಟು ವಿಷವಿತ್ತೆಂದು ಅವರಿಗೆ ತಿಳಿಯಲಿಲ್ಲ.

ನಾನು ಕಾರು ತಂದಾಗ ಮಾಸ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ತಯಾರಾಗಿದ್ದರು. ಮ್ಯೂಸಿಯಂ ಬಾಗಿಲಲ್ಲಿ ಮಲಯಾಳದಲ್ಲೂ ಕನ್ನಡದಲ್ಲೂ ಬೋರ್ಡು: ಮುಟ್ಟದೆ ಮುಂದೆ ಹೋಗಬೇಡಿ. "ಕನ್ನಡಕ ತಂದಿಲ್ಲ ಮಾಸ್ಟ್ರೇ, ಸ್ವಲ್ಪ ದೊಡ್ಡದಾಗಿ ಓದಿ" ಎಂದೆ. ಓದಿದರು. ಎರಡು ಸಲ ಓದಿಸಿದೆ. ಒಳಗೆ ನನ್ನ ಮಗಳು ನಿಧಿ ಸಿಕ್ಕಿದ್ದನ್ನೆಲ್ಲ ಎಳೆದಾಡುತ್ತಿದ್ದಳು. ಮಾಸ್ಟ್ರು ಮಾತ್ರ ಕೈ ಹಿಂದೆ ಕಟ್ಟಿಕೊಂಡೇ ನಡೆದರು.

ಪ್ರಿಸಂ ಇದ್ದ ಮೇಜಿನ ಎದುರು ಅವರನ್ನು ನಿಲ್ಲಿಸಿದೆ. ಹಂಚಿನ ಮಾಡಿನ ಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಗಾಜನ್ನು ಅವರ ಅಂಗೈಗೆ ಕೊಟ್ಟು, ಸುತ್ತಲಿನ ಮಕ್ಕಳಿಗೆ, "ಇವರು ಸೈನ್ಸ್ ಮಾಸ್ಟ್ರು, ಈಗ ಕಾಮನಬಿಲ್ಲು ತೋರಿಸ್ತಾರೆ" ಎಂದೆ. ಅವರು ಹೀಗೆ ಹಿಡಿದರು, ಹಾಗೆ ಹಿಡಿದರು. ಗೋಡೆ ಬಿಳಿಯಾಗಿಯೇ ಉಳಿಯಿತು.

"ಅಜ್ಜನಿಗೆ ಗೊತ್ತೇ ಇಲ್ಲ!" ಎಂದಳು ನಿಧಿ.

"ಹೌದಾ? ಆ ಗೊತ್ತಿಲ್ಲದ ಕೈ ಎಲ್ಲುಂಟು ಮಾಸ್ಟ್ರೇ?" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಪ್ರಿಸಂ ಕೆಳಗಿಟ್ಟು ನಿಜಕ್ಕೂ ಬಲಗೈ ಎತ್ತಿದರು. ಮಕ್ಕಳೆಲ್ಲ ನಕ್ಕರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ತಣ್ಣಗಾಯಿತು.

ಹೊರಗಿನ ಬೆಂಚಿನಲ್ಲಿ ಸೋಡಾ ಶರಬತ್ತು ಕುಡಿಯುತ್ತಾ ಅವರು ಮೆಲ್ಲಗೆ ಹೇಳಿದರು: "ನನಗೆ ಅದು ಬರುದಿಲ್ಲ ಮಗಾ. ಒಡೆದ್ರೆ ಎಂತ ಮಾಡುದು ಅಂತ ನಾನೂ ಕೈ ಹಾಕಿದವ ಅಲ್ಲ. ಬೋರ್ಡಲ್ಲಿ ಬಿಡಿಸಿದ್ದೇ. ಅವತ್ತು ನೀನು ಗೋಡೆಗೆ ಬೀಳಿಸಿದ್ಯಲ್ಲ, ಕಣ್ಣಾರೆ ನಾನು ನೋಡಿದ್ದು ಅದೇ ಮೊದಲು. ನನಗೆ ಬಾರದ್ದು ನಿನಗೆ ಬಂತಲ್ಲ ಅಂತ ಸಿಟ್ಟು ಬಂತು."

ನನಗೆ ಕನಿಕರ ಬರಬೇಕಿತ್ತು. ಬಂದದ್ದು ಉರಿ. ಅಂದರೆ ನನ್ನ ಕೈ ಒಳ್ಳೆಯ ಕೈ ಎಂದು ಗೊತ್ತಿದ್ದೇ ಈ ಮನುಷ್ಯ ಅದನ್ನು ಎತ್ತಿ ನಿಲ್ಲಿಸಿದ್ದು.

"ಇನ್ನೊಮ್ಮೆ ಒಳಗೆ ಹೋಗುವನಾ? ಹೇಗೆ ತಿರುಗಿಸುದು ಅಂತ ಹೇಳಿ ಕೊಡು" ಎಂದರು.

ಮುಚ್ಚಲು ಇನ್ನೂ ಅರ್ಧ ಗಂಟೆಯಿತ್ತು. "ಟೈಮಾಯ್ತು ಮಾಸ್ಟ್ರೇ, ಬಾಗಿಲು ಹಾಕ್ತಾರೆ. ಇನ್ನೊಂದು ಆದಿತ್ಯವಾರ ನೋಡುವ" ಎಂದು ಎದ್ದೆ. ಆ ಆದಿತ್ಯವಾರವನ್ನು ನಾನು ಬರಗೊಡಲಿಲ್ಲ. ಗಂಡ ನೆನಪಿಸಿದಾಗೆಲ್ಲ ಒಂದಲ್ಲ ಒಂದು ನೆವ ಹೇಳಿದೆ. ಕಾಯಲಿ, ನಾನು ಎಷ್ಟು ವರ್ಷ ಕಾದಿಲ್ಲ ಎಂದುಕೊಂಡೆ.

ಮಳೆ ಹಿಡಿಯುವ ಮೊದಲೇ ಮಾಸ್ಟ್ರು ತೀರಿಕೊಂಡರು, ನಿದ್ದೆಯಲ್ಲಿ. ಅವರ ಮನೆಗೆ ಹೋದಾಗ ಅತ್ತೆ, ಅಂದರೆ ಅವರ ಹೆಂಡತಿ, ನನ್ನನ್ನು ಕೋಣೆಗೆ ಕರೆದರು. ಗೋಡೆಯ ಮೊಳೆಯಲ್ಲಿ ಆ ಬಿಳಿ ಅಂಗಿ ತೂಗುತ್ತಿತ್ತು, ಇಸ್ತ್ರಿಯ ಗೆರೆ ಹಾಗೆಯೇ ಇತ್ತು.

"ಪ್ರತಿ ಶನಿವಾರ ಇಸ್ತ್ರಿ ಹಾಕಿ ಇಡ್ತಾ ಇದ್ರು. ನಾಳೆ ಅವಳು ಕಾರು ತಂದ್ರೆ ಅಂತ. ಈಗ ತೆಗೆದು ಮಡಚಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ. ನೀನೇ ತೆಗಿ."

ನಾನು ಅಂಗಿಯನ್ನು ನೋಡುತ್ತಾ ನಿಂತೆ. ಅತ್ತೆ ಇನ್ನೊಮ್ಮೆ ಹೇಳಿದರು. ತೆಗೆಯಬೇಕೆಂದುಕೊಂಡಾಗಲೇ ಗೊತ್ತಾದದ್ದು, ನನ್ನ ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದವು.