ಹಳದಿ ದಾಸವಾಳದ ಫೋಟೊ

ಅಂದು ಬೆಳಿಗ್ಗೆ ಬಿಸಿಲಿತ್ತೋ ಮೋಡವಿತ್ತೋ, ಈಗ ಖಚಿತವಾಗಿ ಹೇಳಲಾರೆ. ಯೆರವಡಾದ ನಮ್ಮ ಮನೆಯಂಗಳದಲ್ಲಿ ಬೋರಲು ಮಲಗಿ, ಹೊಸ ವೈಡ್ ಆ್ಯಂಗಲ್ ಲೆನ್ಸನ್ನು ಕುಂಡದ ಹಳದಿ ದಾಸವಾಳಕ್ಕೆ ತಾಗುವಷ್ಟು ಹತ್ತಿರ ಹಿಡಿದಿದ್ದೆ. ಹಾಗೆ ಹಿಡಿದರೆ ಹೂವು ಕೊಡೆಯಷ್ಟು ದೊಡ್ಡದಾಗಿಯೂ ಹಿಂದಿನ ಅಂಗಳವೆಲ್ಲ ಪುಟ್ಟದಾಗಿಯೂ ಒಂದೇ ಚಿತ್ರದಲ್ಲಿ ಬರುತ್ತವೆ.

“ಹೂವಿನ ಬಾಯಾಗ ಕ್ಯಾಮೆರಾ ತುರುಕ್ತಿ ಏನವಾ?” ಎಂದು ನಗುತ್ತ ಸೋದರತ್ತೆ ಬಂದರು. ನಮ್ಮ ಗಿಡಗಳಿಗೆ ದಿನವೂ ನೀರು ಹಾಕುವವರು ಅವರೇ. ಹೂವಿನ ಕಡೆ ಬಾಗಿ, “ಕೆಂಪು ಈ ಸಲ ಭಾಳ ಚಂದ ಬಂದದ ನೋಡು” ಎಂದರು. ನಾನು ಕ್ಲಿಕ್ಕಿಸಿದೆ.

ಅವರು ಊರಿಗೆ ಹೋಗಿದ್ದಾಗ ಆ ಕುಂಡದ ಕೆಂಪು ದಾಸವಾಳ ಒಣಗಿಹೋಗಿತ್ತು. ಅದೇ ಜಾಗದಲ್ಲಿ ಹಳದಿಯದನ್ನು ನೆಟ್ಟವಳು ನಾನು. ಅವರಿಗೆ ಹೇಳಲು ಮರೆತಿದ್ದೆ. ವಾಪಸು ಬಂದ ಮೇಲೆ ಅವರು ಅದಕ್ಕೆ ದಿನವೂ ನೀರು ಹಾಕಿದ್ದಾರೆ.

ಚಿತ್ರದಲ್ಲಿ ಹೂವಿನ ಹಿಂದೆ ಅವರ ಮುಖ ನಗುತ್ತಿದೆ, ದೃಷ್ಟಿ ಮಾತ್ರ ಹೂವಿನಿಂದಾಚೆ ಎಲ್ಲೋ ಇದೆ. ಅಂದು ಸಂಜೆ ನಾನು ಕೇಳಿದ್ದನ್ನೇ ಇಂದಿಗೂ ಕೇಳಿದರೆ ತಂಬಿಗೆ ಎತ್ತಿಕೊಂಡು ಗಿಡಗಳತ್ತ ನಡೆದುಬಿಡುತ್ತಾರೆ: “ಅತ್ತೀ, ನಿಮ್ಮ ಕಣ್ಣು ಯಾವಾಗಿಂದ ಮಂಜಾಗ್ಯಾವ್ರಿ?”